ಕೊಬ್ಬು ತೋರಿಸುವ ತೂಕದ ಮಷಿನ್: ಕಿಡ್ನಿ ಕಸಿ ಆದವರಿಗೆ ಉಪಯೋಗ ಇದೆಯಾ?

ನನಗೆ ಕಿಡ್ನಿ ಕಸಿ ಆಗಿ 14 ತಿಂಗಳಾಯಿತು. ಕಿಡ್ನಿ ಕೊಟ್ಟವರು ಅಮ್ಮ. ಡಯಾಲಿಸಿಸ್ ಮಾಡಿಸುವಾಗ ನನ್ನ ಡ್ರೈ ವೇಟ್ (ಮೈಯಲ್ಲಿನ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) 54 ಕೆಜಿ ಇತ್ತು, ಈಗ 63. "ಈಗ್ಲಾದ್ರೂ ಮೈಕೈ ತುಂಬ್ಕೊಂಡಿದೀಯ ಕಣೋ" ಅಂತ ಅಮ್ಮನಿಗೆ ಖುಷಿ. ಆದರೆ ಹಳೇ ಪ್ಯಾಂಟ್ ಹಾಕಿದರೆ ಸೊಂಟದ ಗುಂಡಿ ಕೂಡುತ್ತಿರಲಿಲ್ಲ, ತೊಡೆ ಹತ್ತಿರ ಮಾತ್ರ ಸಡಿಲ. ಏರಿದ 9 ಕೆಜಿಯಲ್ಲಿ ಕೊಬ್ಬೆಷ್ಟು, ಮಾಂಸಖಂಡ ಎಷ್ಟು ಅಂತ ತಿಳಿಯೋಣ ಅಂತ 1,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಈ ಮಷಿನ್ ತರಿಸಿದೆ. ಆರು ತಿಂಗಳು ಬಳಸಿ ಬರೆಯುತ್ತಿದ್ದೇನೆ.

ತೂಕ ಸರಿಯಾಗೇ ತೋರಿಸುತ್ತದೆ. ತೊಂದರೆ ಇರುವುದು ಕೊಬ್ಬಿನ ಲೆಕ್ಕದಲ್ಲಿ. ಬರಿಗಾಲಲ್ಲಿ ನಿಂತಾಗ ಇದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸಣ್ಣ ಕರೆಂಟ್ ಹರಿಸುತ್ತದೆ, ನಮಗೆ ಗೊತ್ತೇ ಆಗಲ್ಲ. ಮಾಂಸಖಂಡದಂಥ ನೀರಿರುವ ಕಡೆ ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆ ಜಾಸ್ತಿ. ಆ ತಡೆಗೆ ನಮ್ಮ ಎತ್ತರ, ವಯಸ್ಸು ಸೇರಿಸಿ ಲೆಕ್ಕ ಹಾಕುತ್ತದೆ, ಅಷ್ಟೇ. ಮೈಯಲ್ಲಿ ನೀರು ಹೆಚ್ಚುಕಡಿಮೆ ಆಗದವರಿಗೆ ಪರವಾಗಿಲ್ಲ, ಆದರೆ ಕಸಿ ಆದ ನಮಗೆ ಆಗೋದೇ ಅದು ಅಲ್ವಾ? ಒಂದು ಮದುವೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಎರಡನ್ನೂ ತಿಂದಿದ್ದೆ. ಮರುದಿನ ಮಾಂಸಖಂಡ 1 ಕೆಜಿ ಜಾಸ್ತಿ ಅಂತ ಆ್ಯಪ್‌ನಲ್ಲಿ ಹಸಿರು ಬಾಣ. ಕಾಲು ನೋಡಿಕೊಂಡರೆ ಸಾಕ್ಸ್ ಪಟ್ಟಿ ಇದ್ದ ಕಡೆ ಸುತ್ತಲೂ ಹಳ್ಳ. ಬೆರಳಲ್ಲಿ ಒತ್ತಿದೆ, ಗುಳಿ ಬಿತ್ತು, ತುಂಬಿಕೊಳ್ಳಲು ಹೊತ್ತಾಯಿತು. ಈ ಮಷಿನ್ ಮಾಂಸಖಂಡ ಅಂದಿದ್ದು ಉಪ್ಪಿನಿಂದ ಮೈಯಲ್ಲಿ ನಿಂತ ಬರೀ ನೀರನ್ನು.

ಕಸಿ ಆದ ಮೊದಲ ವರ್ಷ ತೂಕ ಏರುವುದು ತುಂಬಾ ಜನರಿಗೆ ಆಗುತ್ತದೆ, ಅದರಲ್ಲಿ ಕೊಬ್ಬಿನ ಪಾಲೇ ದೊಡ್ಡದು. ಬಾಯಿಗೆ ರುಚಿ ಮರಳಿ ಬರುತ್ತದೆ, ಪಥ್ಯ ಸಡಿಲವಾಗುತ್ತದೆ, ಮೇಲಿಂದ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಹಸಿವು ಹೆಚ್ಚಿಸುತ್ತದೆ. ನನಗೆ ರಾತ್ರಿ ಹನ್ನೊಂದಕ್ಕೆ ಎದ್ದು ಅನ್ನ ಕಲಸಿಕೊಳ್ಳುವಷ್ಟು ಹಸಿವಾಗುತ್ತಿತ್ತು. ಇದೇ ಮಾತ್ರೆ ಕೊಬ್ಬನ್ನು ಮುಖಕ್ಕೆ, ಹೊಟ್ಟೆಗೆ ತುಂಬಿ, ತೊಡೆಯ ಮಾಂಸಖಂಡವನ್ನು ಸೊರಗಿಸುತ್ತದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಜೊತೆ ಸೇರಿದರೆ ಶುಗರ್ ಬರುವ ಭಯವೂ ಇದೆ. ಹಾಗಂತ ಮಾತ್ರೆಯನ್ನು ನೀವಾಗೇ ಬಿಡಬೇಡಿ, ದಯವಿಟ್ಟು. ಕಿಡ್ನಿಯೇ ಹೋಗುತ್ತದೆ. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು: ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ, ಹಾಗಾಗಿ ಮಾಂಸಖಂಡ ಸೊರಗಿದವರಲ್ಲಿ ರಿಪೋರ್ಟ್ ಕಿಡ್ನಿ ನಿಜವಾಗಿ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮನೆಯಲ್ಲಿದ್ದ ಟೈಲರ್ ಟೇಪು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು ಅಂತಾರೆ. ನನ್ನದು 94 ಇತ್ತು. ಡಾಕ್ಟರನ್ನು ಕೇಳಿ ದಿನಾ ನಡಿಗೆ ಶುರು ಮಾಡಿದೆ, ಕೈ ಊರದೆ ಕುರ್ಚಿಯಿಂದ ಏಳುವ ಅಭ್ಯಾಸ ಮಾಡಿದೆ. ಈಗ 91. ಮೊದಲು ನಾಲ್ಕು ಸಲಕ್ಕೇ ತೊಡೆ ನಡುಗುತ್ತಿತ್ತು, ಈಗ ಹದಿನೈದು ಸಲ ಏಳುತ್ತೇನೆ. ಕೊಬ್ಬಿನ ಸರಿಯಾದ ಲೆಕ್ಕವೇ ಬೇಕಾದರೆ ಡೆಕ್ಸಾ ಸ್ಕ್ಯಾನ್ (ಎಕ್ಸ್‌ರೇಯಿಂದ ಕೊಬ್ಬು, ಮಾಂಸಖಂಡ ಅಳೆಯುವ ಪರೀಕ್ಷೆ) ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

5ಕ್ಕೆ 3 ಕೊಡುತ್ತೇನೆ, ಅದೂ ತೂಕಕ್ಕೆ. ಪೇಸ್‌ಮೇಕರ್ ಇರುವವರು ಇದನ್ನು ಬಳಸಲೇಬಾರದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಟ್ಟುಕೊಳ್ಳಿ. ಒಂದೆರಡು ದಿನದಲ್ಲೇ ತೂಕ ದಿಢೀರ್ ಅಂತ ಏರಿದರೆ, ಮೂತ್ರ ಕಡಿಮೆಯಾದರೆ, ಆ್ಯಪ್ ನೋಡುತ್ತ ಕೂರಬೇಡಿ, ತಕ್ಷಣ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.