ಓಟ್ ಮಾಲ್ಟ್ ಹಾಕಿ ಮಾಡಿದ ಸ್ಟೌಟ್: ಒಂದು ಸಲ ಕೆಟ್ಟಿತು, ಒಂದು ಸಲ ಗೆದ್ದಿತು

ಲೀಡ್ಸ್‌ಗೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಓಟ್‌ಮೀಲ್ ಸ್ಟೌಟ್, ಅಂದರೆ ಓಟ್ಸ್ ಹಾಕಿದ ಕಪ್ಪು ಬಿಯರಿನ ಹುಚ್ಚು ಹಿಡಿಯಿತು. ಇಲ್ಲೇ ಹತ್ತಿರದ ಟ್ಯಾಡ್‌ಕ್ಯಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ, ಜನ ಮರೆತೇ ಬಿಟ್ಟಿದ್ದ ಈ ಬಗೆಯ ಬಿಯರನ್ನು 1980ರಲ್ಲಿ ಮತ್ತೆ ಮಾಡತೊಡಗಿತು. ನೋಡಲು ಗಟ್ಟಿ ಡಿಕಾಕ್ಷನ್ ಹಾಗಿರುತ್ತದೆ, ಕುಡಿದರೆ ಗಂಜಿಯ ನುಣುಪು. ಅದನ್ನು ಅಡುಗೆಮನೆಯಲ್ಲೇ ಮಾಡಲು ಹೊರಟು ನಾಲ್ಕು ವರ್ಷವಾಯಿತು. ಬ್ರಿಟನ್ನಿನಲ್ಲಿ 1963ರಿಂದ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ, ಮಾರುವ ಹಾಗಿಲ್ಲ ಅಷ್ಟೆ. ಊರಲ್ಲಿರುವವರು ಇದನ್ನು ಓದಿ ಸ್ಟವ್ ಹಚ್ಚಬೇಡಿ, ಕರ್ನಾಟಕದ ಅಬಕಾರಿ ಕಾಯ್ದೆ ಒಪ್ಪುವುದಿಲ್ಲ.

ಇಷ್ಟು ದಿನ ಸೂಪರ್‌ಮಾರ್ಕೆಟ್ಟಿನ ಓಟ್ಸನ್ನೇ ಹಾಕುತ್ತಿದ್ದೆ, ಬೆಳಗಿನ ಗಂಜಿಗೆ ತರುವ ಅದೇ ಪೊಟ್ಟಣ. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಕಷ್ಟ ಬರುವುದು ಸೋಸುವಾಗ. ನಾನು ಕಾಳನ್ನೆಲ್ಲ ದೊಡ್ಡ ಬಟ್ಟೆಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ನೆನೆಯಲು ಬಿಡುವವಳು. ಓಟ್ಸಿನಲ್ಲಿರುವ ಬೀಟಾ-ಗ್ಲುಕನ್ ಎಂಬ ನಾರಿನಂಶ ನೀರನ್ನೆಲ್ಲ ಲೋಳೆ ಮಾಡುತ್ತದೆ. ಒದ್ದೆ ಚೀಲ ಎತ್ತಿ ಹಿಡಿದರೆ ಬೆಂಡೆಕಾಯಿ ಗೊಜ್ಜು ಸೋಸಿದ ಹಾಗೆ, ಮುಕ್ಕಾಲು ಗಂಟೆ ಹಿಂಡಬೇಕು. ಓಟ್ಸನ್ನೇ ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್ ಆದರೆ ಈ ಲೋಳೆಯ ಬಹುಪಾಲು ಮೊಳಕೆಯ ಹೊತ್ತಿಗೇ ಕರಗಿಹೋಗಿರುತ್ತದೆ ಎಂದು ಗೊತ್ತಿತ್ತು. ಹಾಗಾಗಿ ಈ ಚಳಿಗಾಲಕ್ಕೆ ಎರಡು ಬಗೆ ತರಿಸಿದೆ. ಒಂದು ಥಾಮಸ್ ಫಾಸೆಟ್‌ನವರ ಓಟ್ ಮಾಲ್ಟ್. ಅವರ ಮಾಲ್ಟ್ ಮನೆ ಇರುವುದು ಕ್ಯಾಸಲ್‌ಫರ್ಡ್‌ನಲ್ಲಿ, ನಮ್ಮನೆಯಿಂದ ಅರ್ಧ ಗಂಟೆಯ ದಾರಿ. ಇನ್ನೊಂದು ಸ್ಕಾಟ್ಲೆಂಡ್ ಗಡಿಯ ಬೆರಿಕ್ ಊರಿನ ಸಿಂಪ್ಸನ್ಸ್‌ನವರ ಗೋಲ್ಡನ್ ನೇಕೆಡ್ ಓಟ್ಸ್. ಹೆಸರು ಕೇಳಿ ನಗಬೇಡಿ, ಸಿಪ್ಪೆ ಇಲ್ಲದ ಓಟ್ಸ್ ತಳಿ ಅಂತಷ್ಟೇ ಅರ್ಥ.

ಮೊದಲು ಓಟ್ ಮಾಲ್ಟ್. 20 ಲೀಟರಿಗೆ ಮ್ಯಾರಿಸ್ ಆಟರ್ ಬಾರ್ಲಿ ಮಾಲ್ಟ್ 3.2 ಕೆಜಿ, ಓಟ್ ಮಾಲ್ಟ್ 900 ಗ್ರಾಂ, ಕಪ್ಪಗೆ ಹುರಿದ ಬಾರ್ಲಿ 300, ಚಾಕೊಲೇಟ್ ಮಾಲ್ಟ್ (ಚಾಕೊಲೇಟ್ ಬಣ್ಣಕ್ಕೆ ಹುರಿದದ್ದು, ಅಷ್ಟೆ) 200. 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದೆ. ಕಹಿಗೆ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಎಂಬ ಹಾಪ್ಸ್ ಹೂವು, ಹುಳಿಸಲು ಎಸ್-04 ಎಂಬ ಯೀಸ್ಟ್. ಕಾಳಿನಿಂದ ನೀರಿಗೆ ಎಷ್ಟು ಸಕ್ಕರೆ ಇಳಿದಿದೆ ಎಂದು ಹೇಳುವ ಹೈಡ್ರೋಮೀಟರ್ ಲೆಕ್ಕದ ಪ್ರಕಾರ 1.046 ತೋರಿಸಬೇಕಿತ್ತು. ತೋರಿಸಿದ್ದು 1.040. ಥರ್ಮಾಮೀಟರ್ ಮೇಲೆ, ನೀರಿನ ಮೇಲೆ, ಕೊನೆಗೆ ಗಂಡನ ಮೇಲೂ ಅನುಮಾನಪಟ್ಟೆ.

ತಪ್ಪು ಹಿಡಿದದ್ದು ತುಮಕೂರಿನಲ್ಲಿ ಕೂತಿದ್ದ ಅಮ್ಮ. ವಿಡಿಯೋ ಕಾಲ್‌ನಲ್ಲಿ ಚೀಲದ ಚರಟ ತೋರಿಸುತ್ತಿದ್ದೆ. "ಅದೇನೇ ಅದು, ಉದ್ದುದ್ದ ಕಾಳು ಹಂಗಂಗೇ ಐತಲ್ಲ? ಯಾವ ಮಿಲ್ಲಲ್ಲಿ ಹಾಕಿಸ್ದೆ?" ಅಂದರು. ಪ್ರತಿ ಬೇಸಿಗೆಯಲ್ಲೂ ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ ಮಿಲ್ಲಿಗೆ ಹೊತ್ತವರ ಕಣ್ಣು ಅದು. ಬೆರಳಲ್ಲಿ ಒತ್ತಿ ನೋಡಿದೆ, ಓಟ್ಸಿನಲ್ಲಿ ಅರ್ಧಕ್ಕರ್ಧ ಒಡೆದೇ ಇರಲಿಲ್ಲ. ನಾನು ಪುಡಿ ಮಾಡಿಸಿಯೇ ತರಿಸಿದ್ದೆ. ಅಂಗಡಿಯವರು ಬಾರ್ಲಿಗೆಂದು ಇಟ್ಟ ರೋಲರ್ ಸಂದಿಯಲ್ಲೇ ಇದನ್ನೂ ಬಿಟ್ಟಿದ್ದಾರೆ. ಓಟ್ಸ್ ಕಾಳು ಸಣಕಲು, ಬಾರ್ಲಿಯ ಸಂದಿಯಲ್ಲಿ ಅಡ್ಡಾಡಿಕೊಂಡು ಆಚೆ ಬರುತ್ತದೆ. ಫೋನ್ ಮಾಡಿ ಕೇಳಿದರೆ "ಎಲ್ಲರೂ ಹೀಗೇ ಒಯ್ಯುತ್ತಾರೆ" ಎಂಬ ಉತ್ತರ. ಆ ಬಿಯರ್ ಕುಡಿಯುವಂತಿತ್ತು, ಆದರೆ ನೀರು ಬೆರೆಸಿದ ಸಾರಿನಷ್ಟು ತೆಳ್ಳಗೆ.

ಎರಡನೆಯ ಸಲ ಇಡೀ ಕಾಳು ತರಿಸಿದೆ. ನನ್ನ ಕೈಗಿರಣಿಯ ಸಂದಿಯನ್ನು 1.2 ಮಿಲಿಮೀಟರಿನಿಂದ 0.8ಕ್ಕೆ ಇಳಿಸಿ ಓಟ್ಸನ್ನು ಬೇರೆಯಾಗಿ ತಿರುಗಿಸಿದೆ. ರಟ್ಟೆ ಬಿದ್ದುಹೋಯಿತು ಅನ್ನಿ. ಆದರೆ ಈ ಸಲ 1.046 ಸರಿಯಾಗಿ ಬಂತು. ಚೀಲ ಎತ್ತಿದರೆ ಹತ್ತೇ ನಿಮಿಷದಲ್ಲಿ ನೀರಿಳಿಯಿತು, ಏಕೆಂದರೆ ಈ ಮಾಲ್ಟಿಗೆ ಹೊಟ್ಟು ದಂಡಿಯಾಗಿದೆ, ಅದೇ ಜರಡಿಯ ಕೆಲಸ ಮಾಡುತ್ತದೆ. ಬಾಟಲಿಯಲ್ಲಿ ಐದು ವಾರ ಬಿಟ್ಟು ಕುಡಿದೆ. ಬಿಸಿ ರೊಟ್ಟಿಯ ಅಂಚಿನಂಥ ಧಾನ್ಯದ ರುಚಿ, ಹಿತವಾದ ಒಗರು.

ನುಣುಪು? ಓಟ್ ಮಾಲ್ಟ್ ಹಾಕಿದರೆ ನುಣುಪು ಹೆಚ್ಚು ಎಂದು ಹೊಗಳುವವರಿಗೂ ನನಗೂ ಇಲ್ಲೇ ಜಗಳ. ಅಗ್ಗದ ಓಟ್ಸ್ ಹಾಕಿದ್ದ ಹಳೆಯ ಬಾಟಲಿಯನ್ನು ಪಕ್ಕದಲ್ಲಿಟ್ಟು ಕುಡಿದರೆ ಅದೇ ಹೆಚ್ಚು ನುಣುಪು. ಯೋಚಿಸಿದರೆ ಸಹಜವೇ. ಸೋಸುವಾಗ ಕಾಡುವ ಲೋಳೆಯೇ ಲೋಟದಲ್ಲಿ ನುಣುಪಾಗುವುದು, ಮೊಳಕೆ ಬರಿಸಿ ಅದನ್ನು ಕಳೆದ ಮೇಲೆ ನುಣುಪು ಎಲ್ಲಿಂದ ಬರಬೇಕು? ಹಾಗಾಗಿ ನಾನೀಗ ಓಟ್ ಮಾಲ್ಟ್ 600 ಗ್ರಾಂ, ಅಗ್ಗದ ಓಟ್ಸ್ 300 ಗ್ರಾಂ ಹಾಕುತ್ತೇನೆ. ಮಾಲ್ಟಿನ ಹೊಟ್ಟು ಓಟ್ಸಿನ ಲೋಳೆಯನ್ನು ಸಂಭಾಳಿಸುತ್ತದೆ. ನೊರೆ ಮಾತ್ರ ಎರಡರಲ್ಲೂ ಬೇಗ ಕುಗ್ಗುತ್ತದೆ. ಬಾರ್ಲಿಗಿಂತ ಓಟ್ಸಿನಲ್ಲಿ ಎಣ್ಣೆಯಂಶ ಜಾಸ್ತಿ, ನೊರೆಗೆ ಅದು ಆಗಿಬರುವುದಿಲ್ಲ.

ಗೋಲ್ಡನ್ ನೇಕೆಡ್ ಓಟ್ಸ್ ಬೇರೆಯದೇ ಪದಾರ್ಥ. ಮೊಳಕೆ ಬಂದ ಹಸಿಕಾಳನ್ನು ಒಣಗಿಸುವ ಮೊದಲು ಬಿಸಿಯಲ್ಲಿ ಬೇಯಿಸಿ, ಒಳಗಿನ ಹಿಟ್ಟನ್ನೇ ಸಕ್ಕರೆ ಮಾಡಿರುತ್ತಾರೆ. ಬಾಯಿಗೆ ಹಾಕಿಕೊಂಡರೆ ಹುರಿಗಡಲೆ ಬೆಲ್ಲ ತಿಂದ ಹಾಗೆ. ಪ್ಯಾಕೆಟ್ ಒಡೆದ ದಿನವೇ ಒಂದು ಲೋಟದಷ್ಟು ಮಕ್ಕಳ ಪಾಲಾಯಿತು. ಮಾಮೂಲಿ ಓಟ್ ಮಾಲ್ಟಿಗಿಂತ ದುಬಾರಿ, ಆದರೆ ಬೇಕಾಗುವುದು ಕಡಿಮೆ. ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರಿಗೆ 300 ಗ್ರಾಂ ಹಾಕಿದಾಗ ಬಿಸ್ಕತ್ತಿನ ಘಮ, ಹಿಂದೆಯೇ ಹಣ್ಣಿನಂಥ ಸಣ್ಣದೊಂದು ಸಿಹಿ. ನಾಲ್ಕು ವರ್ಷದಲ್ಲಿ ನಾನು ಮಾಡಿದ ಪೇಲ್ ಏಲ್‌ಗಳಲ್ಲಿ ಅದೇ ಮೇಲು. ಆಸೆಬುರುಕಿಯಾಗಿ ಮುಂದಿನ ಸಲ 700 ಗ್ರಾಂ ಸುರಿದೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿನ್ನದೆ 1.016ಕ್ಕೆ ಬಂದು ಕೂತುಬಿಟ್ಟಿತು. ಗಂಡ ಒಂದು ಗುಟುಕು ಕುಡಿದು, "ಪಾನಕಕ್ಕೆ ಏಲಕ್ಕಿ ಮರೆತಿದೀಯ" ಅಂದರು. ಆ 20 ಲೀಟರ್ ಖಾಲಿಯಾಗಲು ಏಪ್ರಿಲ್ ಬೇಕಾಯಿತು.

ಅಂದಹಾಗೆ, ಓಟ್ ಮಾಲ್ಟಿನ ಚರಟವನ್ನು ಅಕ್ಕಿರೊಟ್ಟಿಗೆ ಬೆರೆಸಲು ಹೋಗಬೇಡಿ. ಬಿಸಾಡಲು ಮನಸ್ಸು ಬಾರದೆ ಒಂದು ಹಿಡಿ ಹಾಕಿದ್ದೆ. ಹೊಟ್ಟು ಮುಳ್ಳಿನ ಹಾಗೆ ಹಲ್ಲಿನ ಸಂದಿಗೆ ಸೇರಿ ಎರಡು ದಿನ ಕಾಡಿತು. ಅದು ಗಿಡಗಳ ಬುಡಕ್ಕೇ ಲಾಯಕ್ಕು.

ಮುಂದಿನ ಸ್ಟೌಟಿಗೆಂದು ಓಟ್ ಮಾಲ್ಟ್ ಎರಡು ಕೆಜಿ ತರಿಸಿದ್ದೇನೆ, ಇಡೀ ಕಾಳು. ಗೋಲ್ಡನ್ ನೇಕೆಡ್ ಓಟ್ಸ್ ಅರ್ಧ ಪ್ಯಾಕೆಟ್ ಉಳಿದಿತ್ತು. ಪೇಲ್ ಏಲ್‌ಗೆ ಎತ್ತಿಟ್ಟಿದ್ದೆ, ನೋಡಿದರೆ ಗಂಡ ಮೊಸರಿಗೆ ಹಾಕಿಕೊಂಡು ತಿನ್ನುತ್ತಿದ್ದಾರೆ.