ವಾಂಡ್ಸ್‌ವರ್ತ್ ಕೌನ್ಸಿಲ್ ಎಲೆಕ್ಷನ್ ರಿಸಲ್ಟ್ ಸರ್ವಿಸ್: ಹಾಸನದಲ್ಲಿ ಕೂತು ನೋಡಿದ್ದು, 5ಕ್ಕೆ 4 ಸ್ಟಾರ್

ನಮ್ಮಕ್ಕ ಲಂಡನ್‌ನ ಟೂಟಿಂಗ್‌ನಲ್ಲಿರೋದು, ಅದು ವಾಂಡ್ಸ್‌ವರ್ತ್ ಅನ್ನೋ ಬರೋಗೆ (borough, ಅಂದ್ರೆ ತನ್ನದೇ ಕೌನ್ಸಿಲ್ ಇರೋ ಲಂಡನ್‌ನ ಒಂದು ಭಾಗ) ಸೇರುತ್ತೆ. ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ಕಾಮನ್‌ವೆಲ್ತ್ ದೇಶದವ್ರು ಅಂತ ಅಲ್ಲಿ ಲೋಕಲ್ ಎಲೆಕ್ಷನ್‌ಗೆ ಓಟ್ ಹಾಕ್ಬೋದು, ಇದು ನಂಗೆ ಅವ್ಳು ಹೇಳೋವರ್ಗೂ ಗೊತ್ತೇ ಇರ್ಲಿಲ್ಲ.

2022 ಮೇ 5ಕ್ಕೆ ಓಟಿಂಗ್, ಅಲ್ಲಿ ರಾತ್ರಿ 10ಕ್ಕೆ ಮುಗ್ಯೋದು ಅಂದ್ರೆ ನಮಗೆ ಬೆಳಗಿನ ಜಾವ ಎರಡೂವರೆ. ಬೆಳಗ್ಗೆ ಅಮ್ಮ ಕಾಫಿ ಲೋಟ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ರು, ನಾನು ಕೌನ್ಸಿಲ್ ಆನ್‌ಲೈನಲ್ಲಿ ಹಾಕಿದ್ದ ರಿಸಲ್ಟ್ ನೋಡಿ ಒಂದೊಂದೇ ವಾರ್ಡ್ ಓದಿ ಹೇಳ್ತಿದ್ದೆ. ಒಟ್ಟು 58 ಸೀಟಲ್ಲಿ ಲೇಬರ್ 35, ಕನ್ಸರ್ವೇಟಿವ್ 22, ಇಂಡಿಪೆಂಡೆಂಟ್ 1. 1978ರಿಂದ ಕನ್ಸರ್ವೇಟಿವ್ ಕೈಲಿದ್ದ ಕೌನ್ಸಿಲ್ ಕೈ ಬದ್ಲಾಯ್ತು!

ನಂಗೆ ತುಂಬಾ ಇಷ್ಟ ಆಗಿದ್ದು ರಿಸಲ್ಟ್ ಕೊಡೋ ರೀತಿ. ಯಾರಿಗೆಷ್ಟು ಓಟು ಅನ್ನೋದಷ್ಟೇ ಅಲ್ಲ, ರಿಜೆಕ್ಟ್ ಆದ ಬ್ಯಾಲೆಟ್ ಎಷ್ಟು, ಯಾಕೆ ರಿಜೆಕ್ಟ್ ಆಯ್ತು, ಖಾಲಿ ಬಿಟ್ಟಿದ್ರಾ, ಇರೋದಕ್ಕಿಂತ ಜಾಸ್ತಿ ಓಟ್ ಹಾಕಿದ್ರಾ ಅಂತ ಎಲ್ಲಾ ಲೆಕ್ಕ ಇರುತ್ತೆ. ಇನ್ನೂ ಪೇಪರ್ ಬ್ಯಾಲೆಟ್ಟು, ಪೆನ್ಸಿಲಲ್ಲಿ ಕ್ರಾಸ್ ಹಾಕೋದು, ಕೆಲವು ವಾರ್ಡಿಗೆ 2, ಕೆಲವಕ್ಕೆ 3 ಮೆಂಬರ್, ಎಷ್ಟು ಮೆಂಬರೋ ಅಷ್ಟು ಓಟ್ ಒಬ್ಬೊಬ್ಬ ವೋಟರೂ ಹಾಕ್ಬೋದು. ಅಮ್ಮಂಗೆ ಇದು ಅರ್ಥ ಮಾಡ್ಸೋಕೆ ಕಾಫಿ ಆರೋಯ್ತು, ನಮ್ಮೂರಲ್ಲಿ ವಾರ್ಡಿಗೆ ಒಬ್ರೇ ಅಲ್ವಾ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಪಾರ್ಟಿ ಬಿಟ್ರೆ ಗೆದ್ದೋರ ಬಗ್ಗೆ ಆ ರಿಸಲ್ಟ್ ಶೀಟಲ್ಲಿ ಬೇರೇನೂ ಗೊತ್ತಾಗಲ್ಲ. ಮಕ್ಳು ಅಲ್ಲಿರೋ ಹಾಸನದವ್ರು ಮುಂದಿನ ಸಲ ಖಂಡಿತ ನೋಡಿ.