ಬೋರ್‌ವೆಲ್‌ಗೆ ಜಾಗ: ತೆಂಗಿನಕಾಯಿಯೋ, ಮೀಟರೋ?

ಕಾಸರಗೋಡಿನ ಬದಿಯಡ್ಕದ ಕಡೆ ಬೋರ್‌ವೆಲ್ ಕೊರೆಸಲು ಹೊರಟರೆ ಮೊದಲ ಪ್ರಶ್ನೆ ಇದೇ: ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಯುವುದಾ, ಮೀಟರ್ ಇಟ್ಟು ನೆಲ ಅಳೆಯುವ ಸರ್ವೆ ಮಾಡಿಸುವುದಾ? ಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಅಂತ ಲೆಕ್ಕ.

ನಮ್ಮ ತೋಟದಲ್ಲಿ ಅಂಗೈ ಮೇಲೆ ಮಲಗಿದ್ದ ತೆಂಗಿನಕಾಯಿ ಜುಟ್ಟು ಮೇಲಾಗಿ ಎದ್ದು ನಿಂತದ್ದನ್ನು ನಾನೇ ನೋಡಿದ್ದೇನೆ. ಮೈ ಜುಂ ಅಂದಿತ್ತು. ಹಿಡಿದವರು ಮೋಸ ಮಾಡಿದರು ಅನ್ನುವುದಿಲ್ಲ. ಗೊತ್ತಿಲ್ಲದೆಯೇ ಕೈ ಅಲುಗುತ್ತದೆ. ಅಲ್ಲಿ ನೀರೂ ಸಿಕ್ಕಿತು. ಆದರೆ ಹತ್ತು ಹೆಜ್ಜೆ ಆಚೆ ಕೊರೆದಿದ್ದರೆ ಸಿಗುತ್ತಿರಲಿಲ್ಲವಾ? ಅದನ್ನು ಯಾರೂ ನೋಡಲಿಲ್ಲ, ಅಲ್ವಾ?

ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ನೋಡಿದರು. ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಜಾಗ ಬದಲಿಸುತ್ತಾ ಇಟ್ಟು, ಮೇಲಿನ ಮಹಡಿಯಲ್ಲಿ ನೀರು ನೋಡುವ 43 ಜನರಿಂದ 843 ಸಲ ಹುಡುಕಿಸಿದರು. ಹೆಚ್ಚಿನವರದ್ದು ಸುಮ್ನೆ ಅಂದಾಜು ಹೇಳಿದಷ್ಟೇ ಸರಿ ಬಂತು. ಚೆನ್ನಾಗಿ ಹೇಳಿದ ಕೆಲವರಿಗೂ ಮತ್ತೊಂದು ಸಲ ಹಾಗೆ ಹೇಳಲಾಗಲಿಲ್ಲ.

ಸರ್ವೆಯಲ್ಲಿ ನೆಲಕ್ಕೆ ಸರಳು ಊರಿ ಕರೆಂಟ್ ಹಾಯಿಸುತ್ತಾರೆ. ನೀರು ತುಂಬಿದ ಬಿರುಕುಬಂಡೆ ಅದನ್ನು ಸುಲಭವಾಗಿ ಬಿಡುತ್ತದೆ, ಗಟ್ಟಿಬಂಡೆ ತಡೆಯುತ್ತದೆ. ಜೇಡಿಮಣ್ಣೂ ಬಿಡುತ್ತದೆ, ಹಾಗಾಗಿ ಇದೂ ತಪ್ಪಬಹುದು. ಆದರೆ ಕಾಗದದಲ್ಲಿ ಅಂಕಿ ಇರುತ್ತದೆ, ಕೊರೆಯುವಾಗ ತಾಳೆ ನೋಡಬಹುದು.

ನಾನಾದರೆ ಸರ್ವೆಗೇ ದುಡ್ಡು ಕೊಡುತ್ತೇನೆ. ಅದಕ್ಕೂ ಮೊದಲು ನೆರೆಮನೆಗಳ ಬೋರ್‌ವೆಲ್ ಎಷ್ಟು ಅಡಿ, ಮೇ ತಿಂಗಳಲ್ಲಿ ನೀರೆಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬತ್ತಿದವುಗಳನ್ನೂ ಸೇರಿಸಿ.